ಕೋಟೆಯನ್ನು ಓದಿಸುವ ಬಗೆ: ಗಡಿನಾಡಿನ ಪಾರಂಪರಿಕ ಪ್ರವಾಸಗಳೂ ಅವುಗಳ ಕೈಪಿಡಿಗಳೂ

1

ಪ್ರವಾಸದ ಕೈಪಿಡಿಯನ್ನು ಒಂದು ಪಠ್ಯವೆಂದು ಪರಿಗಣಿಸಿ ವಿಮರ್ಶೆಗೆ ಒಳಪಡಿಸುವ ರೂಢಿ ನಮ್ಮಲ್ಲಿಲ್ಲ. ಬಸ್ಸಿನಲ್ಲಿ ಹಂಚುವ ನಾಲ್ಕು ಪುಟಗಳ ಹಾಳೆ, ಸ್ಮಾರಕದ ಬಾಗಿಲಲ್ಲಿ ನೆಟ್ಟ ಫಲಕ, ಮಾರ್ಗದರ್ಶಿ ಬಾಯಿಪಾಠ ಮಾಡಿಕೊಂಡ ಹತ್ತು ನಿಮಿಷದ ಮಾತು ಇವೆಲ್ಲ ಮಾಹಿತಿಯೇ ಹೊರತು ಬರವಣಿಗೆಯಲ್ಲವೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಒಂದು ಊರಿನ ಚರಿತ್ರೆಯ ಬಗ್ಗೆ ಬಹುಪಾಲು ಜನ ತಮ್ಮ ಜೀವಮಾನದಲ್ಲಿ ಓದುವ ಅಥವಾ ಕೇಳುವ ಒಂದೇ ಒಂದು ಪಠ್ಯ ಇದು. ಶಾಸನ ಸಂಪುಟವನ್ನು ತೆರೆಯದವರೂ ಫಲಕದ ಮುಂದೆ ನಿಲ್ಲುತ್ತಾರೆ, ಪಿಎಚ್.ಡಿ. ಪ್ರಬಂಧವನ್ನು ಕಣ್ಣಿನಿಂದಲೂ ಕಾಣದವರು ಮಾರ್ಗದರ್ಶಿಯ ಮಾತನ್ನು ಮನೆಗೆ ಒಯ್ಯುತ್ತಾರೆ.

ಗಡಿನಾಡಿನ ಮಟ್ಟಿಗೆ ಈ ಮಾತಿಗೆ ಇನ್ನಷ್ಟು ತೂಕವಿದೆ. ಇಲ್ಲಿ ಕೈಪಿಡಿ ಯಾವ ಭಾಷೆಯಲ್ಲಿದೆ, ಯಾರನ್ನು ಹೆಸರಿಸುತ್ತದೆ, ಯಾರನ್ನು ಬಿಟ್ಟುಬಿಡುತ್ತದೆ ಎಂಬುದು ಕೇವಲ ಸಂಪಾದನೆಯ ಪ್ರಶ್ನೆಯಲ್ಲ. ತಾನು ಹುಟ್ಟಿದ ನೆಲದಲ್ಲಿ ತಾನು ಮನೆಯವನೋ ಅತಿಥಿಯೋ ಎಂಬುದನ್ನು ಶಾಲೆಯ ಹುಡುಗ ಕಲಿಯುವುದು ಬಹಳ ಸಲ ಇಂಥ ಹಾಳೆಗಳಿಂದಲೇ. ಈ ಲೇಖನದಲ್ಲಿ ಕಾಸರಗೋಡು ಜಿಲ್ಲೆಯ ಕೆಲವು ತಾಣಗಳನ್ನು ಮುಂದಿಟ್ಟುಕೊಂಡು, ಸಾಮೂಹಿಕ ಪ್ರವಾಸಗಳಲ್ಲಿ ಬಳಕೆಯಾಗುವ ಓದುಸಾಮಗ್ರಿಯನ್ನು ಪರಿಶೀಲಿಸಲು ಯತ್ನಿಸಿದ್ದೇನೆ. ನನ್ನ ವಾದ ಇಷ್ಟೆ: ತಾಣವು ಯಾರದೆಂದು ಸಾರುವ ಕೈಪಿಡಿಗಿಂತ ತಾಣವನ್ನು ಓದಲು ಕಲಿಸುವ ಕೈಪಿಡಿ ಮೇಲು, ಮತ್ತು ಓದಲು ಕಲಿಸುವ ಕೈಪಿಡಿಯಲ್ಲಿ ಅಲ್ಪಸಂಖ್ಯಾತ ಭಾಷೆಗೆ ಯಾರ ಕೃಪೆಯೂ ಇಲ್ಲದೆ ತನ್ನ ಜಾಗ ದೊರೆಯುತ್ತದೆ.

2

ಬೇಕಲ ಕೋಟೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸುಮಾರು 40 ಎಕರೆ ವಿಸ್ತಾರದ, ಕಡಲಿಗೆ ಚಾಚಿಕೊಂಡ ಈ ಮುರಕಲ್ಲಿನ ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿದ ಬಳಿಕ ಇಲ್ಲಿಗೆ ಬರುವ ತಂಡಗಳು ಹೆಚ್ಚಿದವು. ತಂಡಗಳೊಂದಿಗೆ ಹಾಳೆಗಳೂ ಹೆಚ್ಚಿದವು. ನಾನು ಕೆಲವು ವರ್ಷಗಳಿಂದ ಸಂಗ್ರಹಿಸಿರುವ ಇಂಥ ಹಾಳೆಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ರಮ್ಯತೆಯ ಕೈಪಿಡಿ. ಸೂರ್ಯಾಸ್ತ, ಅಲೆ, ಗಾಳಿ, 1995ರ ‘ಬಾಂಬೆ’ ಚಲನಚಿತ್ರದ ಹಾಡಿನ ಚಿತ್ರೀಕರಣ ಇವು ಅದರ ವಸ್ತು. ಚರಿತ್ರೆಗೆ ಅಲ್ಲಿ ಒಂದು ವಾಕ್ಯ ಮೀಸಲು: ಕೋಟೆಯನ್ನು 1650ರ ಸುಮಾರಿಗೆ ಶಿವಪ್ಪನಾಯಕ ಕಟ್ಟಿಸಿದ. ಈ ಶಿವಪ್ಪನಾಯಕ ಯಾರು, ಮಲೆನಾಡಿನ ಕೆಳದಿಯ ಅರಸನಿಗೆ ಇಷ್ಟು ದೂರದ ಕಡಲ ದಂಡೆಯಲ್ಲಿ ಏನು ಕೆಲಸವಿತ್ತು ಎಂಬ ವಿವರಣೆ ಇರುವುದಿಲ್ಲ. ಕರಾವಳಿಯ ಮೆಣಸು ಮತ್ತು ಅಕ್ಕಿಯ ವ್ಯಾಪಾರ, ಆ ವ್ಯಾಪಾರಕ್ಕಾಗಿ ಪೋರ್ಚುಗೀಸರೊಂದಿಗೆ ನಡೆದ ಹಣಾಹಣಿ, ‘ಶಿಸ್ತು’ ಎಂದೇ ಹೆಸರಾದ ಆತನ ಕಂದಾಯ ವ್ಯವಸ್ಥೆ ಇವೆಲ್ಲವೂ ಕೋಟೆಯ ಗೋಡೆಯೊಳಗೆ ಅಡಗಿವೆ. ಕೆಳದಿಯ ಅರಸರ ಚರಿತ್ರೆಗೆ ಮುಖ್ಯ ಆಕರಗಳಲ್ಲೊಂದು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವೆಂಬ ಕನ್ನಡ ಚಂಪೂಕಾವ್ಯ ಎಂಬ ಸಂಗತಿ ನಾನು ನೋಡಿದ ಯಾವ ಹಾಳೆಯಲ್ಲಿಯೂ ಇಲ್ಲ.

ಎರಡನೆಯದು ಸ್ವಾಮ್ಯದ ಕೈಪಿಡಿ. ಇದು ಹೆಚ್ಚಾಗಿ ಗಡಿಯಾಚೆಯಿಂದ ಬರುವ ನಮ್ಮವರದೇ ತಂಡಗಳಿಗಾಗಿ ಸಿದ್ಧವಾದದ್ದು. ಇಲ್ಲಿ ಕೋಟೆ ‘ನಮ್ಮದು’. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿದಂದಿನಿಂದ ಅದು ‘ಕಳೆದುಹೋದದ್ದು’. ಈ ಹಾಳೆಗಳಲ್ಲಿ ವ್ಯಥೆ ನಿಜವಾದದ್ದೇ. ಆದರೆ ಮಾಹಿತಿ ಮೊದಲ ಬಗೆಯಷ್ಟೇ ತೆಳುವು. ಕೋಟೆಯ ಮೂಲ ಕೆಳದಿಗಿಂತ ಹಿಂದಿನದು, ಕೋಲತ್ತಿರಿ ಅರಸರ ಕಾಲದಲ್ಲಿಯೇ ಇಲ್ಲಿ ಒಂದು ಕೋಟೆಯಿತ್ತು ಎಂಬ ಅಭಿಪ್ರಾಯ ಚರಿತ್ರಕಾರರಲ್ಲಿ ಉಂಟು. ಸ್ವಾಮ್ಯದ ಕೈಪಿಡಿಗೆ ಆ ಅಭಿಪ್ರಾಯ ಅನನುಕೂಲ. ಆದ್ದರಿಂದ ಅದು ಅಲ್ಲಿ ಕಾಣಿಸದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ನಂತರದ ಅಧ್ಯಾಯ, ಟಿಪ್ಪುವಿನ ಕಾಲ, ಆಮೇಲೆ ಇಂಗ್ಲಿಷರ ‘ಬೇಕಲ ತಾಲ್ಲೂಕು’ ಇವುಗಳೂ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತವೆ.

ಮೇಲುನೋಟಕ್ಕೆ ಈ ಎರಡು ಬಗೆಗಳು ಪರಸ್ಪರ ವಿರುದ್ಧ. ವಸ್ತುತಃ ಇವೆರಡರ ಓದುಗ ಒಬ್ಬನೇ: ಏನನ್ನೂ ಮಾಡದೆ ನಿಂತು ಮೆಚ್ಚಬೇಕಾದವನು. ಒಂದು ಕಡೆ ಸೌಂದರ್ಯವನ್ನು ಮೆಚ್ಚಬೇಕು, ಇನ್ನೊಂದು ಕಡೆ ಗತವೈಭವವನ್ನು. ಎರಡರಲ್ಲಿಯೂ ಕೋಟೆಯನ್ನು ಕಣ್ಣಾರೆ ನೋಡಿ ಏನನ್ನಾದರೂ ಕಂಡುಕೊಳ್ಳುವ ಅವಕಾಶ ಅವನಿಗಿಲ್ಲ. ಇದೇ ಕೈಪಿಡಿಯನ್ನು ಮನೆಯಲ್ಲಿ ಕುಳಿತು ಓದಿದರೂ ನಷ್ಟವೇನೂ ಆಗದು. ಪ್ರವಾಸದ ಬರವಣಿಗೆಯ ಬಗ್ಗೆ ಇದಕ್ಕಿಂತ ಕಠಿಣವಾದ ಟೀಕೆ ಬೇರೆ ಇಲ್ಲವೆಂದು ಭಾವಿಸುತ್ತೇನೆ.

3

ಈ ಪ್ರಕಾರಕ್ಕೆ ನಮ್ಮ ನೆಲದಲ್ಲಿ ಎರಡು ಹಳೆಯ ಪೂರ್ವಜರಿದ್ದಾರೆ. ಇಬ್ಬರ ಗುಣವನ್ನೂ ಇಂದಿನ ಹಾಳೆ ಕಳೆದುಕೊಂಡಿದೆ.

ಮೊದಲ ಪೂರ್ವಜ ಸ್ಥಳಪುರಾಣ. ಅದರ ಚಾರಿತ್ರಿಕತೆ ಏನೇ ಇರಲಿ, ಯಾತ್ರಿಕನಿಗೆ ಅದು ಕೆಲಸ ಕೊಡುತ್ತಿತ್ತು. ಈ ಕೆರೆಯಲ್ಲಿ ಮೀಯಬೇಕು, ಈ ಕಲ್ಲನ್ನು ಸುತ್ತಬೇಕು, ಈ ಕಥೆಯನ್ನು ಇಲ್ಲಿಯೇ ನಿಂತು ಕೇಳಬೇಕು ಎಂದು ಅದು ಹೇಳುತ್ತಿತ್ತು. ಸೊಲ್ಲಾಪುರದಲ್ಲಿ ಈ ಬಗೆಯ ಯಾತ್ರೆ ಇಂದಿಗೂ ಜೀವಂತ. 12ನೆಯ ಶತಮಾನದ ವಚನಕಾರ ಸಿದ್ಧರಾಮ ಸ್ಥಾಪಿಸಿದನೆಂದು ನಂಬಲಾದ 68 ಲಿಂಗಗಳನ್ನು ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳೊಂದಿಗೆ ಜನ ಸುತ್ತಿ ಬರುತ್ತಾರೆ. ಊರಿನ ನಕ್ಷೆಯನ್ನು ಕಾಲಿನಿಂದಲೇ ಕಲಿಸುವ ಕ್ರಮವಿದು. ಕನ್ನಡ, ಮರಾಠಿ, ತೆಲುಗು ಮಾತನಾಡುವವರೆಲ್ಲ ಒಂದೇ ದಾರಿಯಲ್ಲಿ ನಡೆಯುವುದರಿಂದ ಆ ದಾರಿಯೇ ಅವರೆಲ್ಲರ ಪಠ್ಯ.

ಎರಡನೆಯ ಪೂರ್ವಜ ವಸಾಹತು ಕಾಲದ ಸಮೀಕ್ಷಾ ಬರಹ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿ ಬರೆದ ಮೂರು ಸಂಪುಟಗಳು 1807ರಲ್ಲಿ ಪ್ರಕಟವಾದವು. 1894ರಲ್ಲಿ ಸ್ಟರಕ್ ಸಿದ್ಧಪಡಿಸಿದ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯ ಮೊದಲ ಸಂಪುಟ ಬಂದಿತು. ಇವು ಆಳುವವರ ಅನುಕೂಲಕ್ಕಾಗಿ ಬರೆದವು. ಅವುಗಳ ದೃಷ್ಟಿದೋಷಗಳನ್ನು ನಮ್ಮ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೂ ಬುಕಾನನ್ ಹೋದಲ್ಲೆಲ್ಲ ಕೇಳುತ್ತಿದ್ದ ಪ್ರಶ್ನೆಗಳು ಗಮನಾರ್ಹ: ಈ ಗದ್ದೆಗೆ ಎಷ್ಟು ಬೀಜ ಬೇಕು, ಆಳಿಗೆ ಏನು ಕೂಲಿ, ಈ ಮಣ್ಣಿಗೆ ಏನು ಹೆಸರು. ಮಲಬಾರಿನ ಅಂಗಾಡಿಪುರದಲ್ಲಿ ಮೆತ್ತಗಿರುವಾಗಲೇ ಕತ್ತರಿಸಿ ತೆಗೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಅವನೇ. ಜಗತ್ತಿನ ಭೂವಿಜ್ಞಾನಕ್ಕೆ ಆ ಪದ ದೊರೆತದ್ದು ಈ ಕರಾವಳಿಯಿಂದ. ಬೇಕಲದ ಗೋಡೆ ಅದೇ ಕಲ್ಲಿನದು; ನಮ್ಮ ಮನೆಗಳ ಗೋಡೆಯೂ ಅದೇ.

ಸ್ಥಳಪುರಾಣ ಯಾತ್ರಿಕನನ್ನು ನಡೆಸಿತು. ಸಮೀಕ್ಷಾ ಬರಹ ಕಂಡದ್ದನ್ನು ಎಣಿಸಿ, ಕೇಳಿ, ಬರೆದಿಟ್ಟಿತು. ಇಂದಿನ ಹಾಳೆ ಈ ಎರಡನ್ನೂ ಕೈಬಿಟ್ಟು ವಿಶೇಷಣಗಳನ್ನು ಮಾತ್ರ ಉಳಿಸಿಕೊಂಡಿದೆ.

4

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕನ್ನಡ ಮಾಧ್ಯಮ ಶಾಲೆಯೊಂದರ ಏಳನೆಯ ತರಗತಿಯ ಮಕ್ಕಳು ಬೇಕಲಕ್ಕೆ ಹೊರಟಾಗ ಅವರಿಗೊಂದು ಹಾಳೆ ಬರೆದುಕೊಡುವ ಕೆಲಸ ನನಗೆ ಬಂತು. ಉತ್ಸಾಹದಿಂದಲೇ ಬರೆದೆ. ಕೆಳದಿಯ ವಂಶಾವಳಿ, ಯುದ್ಧಗಳ ಇಸವಿಗಳು, ‘ಕನ್ನಡದ ಅರಸರು ಕಟ್ಟಿದ ಕೋಟೆ’ ಎಂಬ ದಪ್ಪ ಅಕ್ಷರದ ತಲೆಬರಹ ಎಲ್ಲವೂ ಅದರಲ್ಲಿದ್ದವು. ಕೋಟೆಯ ಬಾಗಿಲಿನ ಆಂಜನೇಯ ಗುಡಿಯ ಬಳಿ ಹಾಳೆಯನ್ನು ಗಟ್ಟಿಯಾಗಿ ಓದಿಸಿದೆವು. ಮನೆಯಲ್ಲಿ ಮಲಯಾಳ ಮಾತನಾಡುವ, ಶಾಲೆಯಲ್ಲಿ ಕನ್ನಡ ಕಲಿಯುವ ಹುಡುಗನೊಬ್ಬ ಕೇಳಿದ: “ಟೀಚರ್, ಆಗ ನಮ್ಮವರು ಇಲ್ಲಿ ಇರಲಿಲ್ಲವಾ?”

ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. ನನ್ನ ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕನ್ನಡದ ಮಕ್ಕಳಿಗೆ ಇತರರ ಹಾಳೆಗಳು ಮಾಡುತ್ತಿದ್ದುದನ್ನೇ ನನ್ನ ಹಾಳೆ ಆ ಹುಡುಗನಿಗೆ ಮಾಡಿತ್ತು. ಏಳು ಭಾಷೆಗಳ ನಾಡು ಎಂದು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಜಿಲ್ಲೆಯಲ್ಲಿ, ಒಂದು ಬಸ್ಸಿನ ಮಕ್ಕಳಿಗೆ ಒಂದೇ ಭಾಷೆಯ ಚರಿತ್ರೆ ಕೊಟ್ಟಿದ್ದೆ.

ಮರುವರ್ಷ ಹಾಳೆಯನ್ನು ಬೇರೆ ರೀತಿಯಲ್ಲಿ ಬರೆದೆ. ವಂಶಾವಳಿಯನ್ನು ತೆಗೆದುಹಾಕಿ ನಾಲ್ಕು ಕೆಲಸಗಳನ್ನು ಇಟ್ಟೆ. ಒಂದು: ಹೊರಗೋಡೆಯ ಗುಂಡುಕಿಂಡಿಗಳಲ್ಲಿ ಮೇಲಿನದು, ನಡುವಿನದು, ಕೆಳಗಿನದು ಹೀಗೆ ಮೂರರ ಮೂಲಕ ನೋಡಿ, ಪ್ರತಿಯೊಂದರಿಂದ ಎಷ್ಟು ದೂರ ಕಾಣುತ್ತದೆಂದು ಬರೆಯಿರಿ. ಮೇಲಿನ ಕಿಂಡಿ ದೂರದ ಶತ್ರುವಿಗೆ, ಕೆಳಗಿನದು ಹತ್ತಿರ ಬಂದವನಿಗೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡರು. ಎರಡು: ಇಷ್ಟು ದೊಡ್ಡ ಕೋಟೆಯಲ್ಲಿ ಅರಮನೆಯನ್ನು ಹುಡುಕಿ. ಅರಮನೆಯಿಲ್ಲ, ಮೆಟ್ಟಿಲುಗಳ ಕೊಳವಿದೆ, ಮದ್ದಿನ ಮನೆಯಿದೆ, ಕಾವಲು ಬುರುಜಿದೆ. ಹಾಗಾದರೆ ಇಲ್ಲಿ ಯಾರು ವಾಸವಾಗಿದ್ದರು? ಈ ಪ್ರಶ್ನೆಯಿಂದ ಕೋಟೆಯ ಕಾವಲಿಗೆ ಬಂದು ನೆಲೆನಿಂತ ಕನ್ನಡ ಮಾತಿನ ಕೋಟೆಗಾರರ, ಅಂದರೆ ರಾಮಕ್ಷತ್ರಿಯರ, ಕಥೆಗೆ ದಾರಿ ತೆರೆಯಿತು. ಮೂರು: ಗೋಡೆಯ ಕಲ್ಲನ್ನು ಮುಟ್ಟಿ ನೋಡಿ, ನಿಮ್ಮ ಊರಿನಲ್ಲಿ ಈ ಕಲ್ಲು ಎಲ್ಲೆಲ್ಲಿದೆ? ಒಬ್ಬಳು ತೋಟದ ‘ಸುರಂಗ’ವನ್ನು ನೆನಪಿಸಿದಳು. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ ಕೊರೆಯುವ ಈ ಸುರಂಗಗಳು ನಮ್ಮ ಪ್ರದೇಶದ ವಿಶಿಷ್ಟ ಪರಂಪರೆ. ಅರಸರ ಹೆಸರಿಲ್ಲದ್ದರಿಂದ ಯಾವ ಕೈಪಿಡಿಯೂ ಅವುಗಳ ಬಳಿ ಬಸ್ಸು ನಿಲ್ಲಿಸುವುದಿಲ್ಲ.

ನಾಲ್ಕನೆಯ ಕೆಲಸ ಹೆಸರುಗಳದು. ಬೇಕಲದಿಂದ ದಕ್ಷಿಣಕ್ಕೆ ಹೋದರೆ ಕಾಞಂಗಾಡ್. ಅದರ ತಾಲ್ಲೂಕಿನ ಹೆಸರು ಹೊಸದುರ್ಗ. ಅದೇ ಪೇಟೆಯೊಳಗೆ ಒಂದು ಸ್ಥಳಕ್ಕೆ ‘ಪುದಿಯ ಕೋಟ್ಟ’ ಎಂದು ಹೆಸರು. ಕನ್ನಡದ ಹೊಸದುರ್ಗಕ್ಕೂ ಮಲಯಾಳದ ಪುದಿಯ ಕೋಟ್ಟಕ್ಕೂ ಅರ್ಥ ಒಂದೇ. ಒಂದು ಕೋಟೆ ತಲೆಯೆತ್ತಿದಾಗ ಅದನ್ನು ಎರಡು ಭಾಷೆಯವರು ನೋಡಿದರು, ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಕರೆದರು, ಎರಡೂ ಹೆಸರುಗಳು ಉಳಿದವು. ಹಿಂದಿನ ವರ್ಷದ ಆ ಹುಡುಗನ ಪ್ರಶ್ನೆಗೆ ಉತ್ತರ ದಾರಿಬದಿಯ ಫಲಕಗಳಲ್ಲಿಯೇ ಇತ್ತು. ಅದನ್ನು ನಾನು ಓದಿರಲಿಲ್ಲ. ಊರಹೆಸರುಗಳ ಕೊನೆಯ ಸ್ವರವನ್ನು ಕತ್ತರಿಸುವ, ಕುಂಬಳೆಯನ್ನು ‘ಕುಂಬಳ’ವಾಗಿಸುವ ಫಲಕಗಳ ವಿರುದ್ಧ ನಾವು ಎತ್ತುವ ದನಿಗೂ ಇಲ್ಲಿಂದಲೇ ನಿಜವಾದ ಬಲ ಬರುತ್ತದೆ. ಹೆಸರು ಸಾಕ್ಷ್ಯ, ಅದನ್ನು ತಿದ್ದಿದರೆ ಎರಡೂ ಭಾಷೆಗಳ ಚರಿತ್ರೆಗೆ ನಷ್ಟ.

5

ಇದೇ ಮಾನದಂಡವನ್ನು ಕುಂಬಳೆ ಸೀಮೆಯ ಎರಡು ತಾಣಗಳಿಗೆ ಅನ್ವಯಿಸಬಹುದು. ಅನಂತಪುರದ ಸರೋವರ ಕ್ಷೇತ್ರದ ಬಗ್ಗೆ ಬರೆದ ಹಾಳೆಗಳಲ್ಲಿ ಮೊಸಳೆಗೇ ಅಗ್ರಸ್ಥಾನ. 2022ರ ಅಕ್ಟೋಬರಿನಲ್ಲಿ ಬಬಿಯಾ ಎಂಬ ಆ ಮೊಸಳೆ ಸತ್ತಾಗ ನಾಡೆಲ್ಲ ಸುದ್ದಿಯಾಯಿತು. ಜನರ ಭಕ್ತಿಯನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ. ಮನುಷ್ಯರೂ ಒಂದು ಮೊಸಳೆಯೂ ಅಷ್ಟು ವರ್ಷ ಒಂದೇ ನೀರಿನ ಸುತ್ತ ಬಾಳಿದ್ದು ನೆನೆಯಬೇಕಾದ ಸಂಗತಿಯೇ. ಆದರೆ ಅನಂತಪುರದಲ್ಲಿ ತುಳು ಭಾಷೆಯ, ತುಳು ಲಿಪಿಯ ಶಾಸನವೊಂದು ದೊರೆತಿದೆ. ತುಳುವಿಗೆ ಲಿಪಿಯಿಲ್ಲ, ಬರಹದ ಪರಂಪರೆಯಿಲ್ಲ ಎಂಬ ಮಾತನ್ನು ಬಾಲ್ಯದಿಂದ ಕೇಳುತ್ತ ಬಂದ ತುಳು ಮನೆಮಾತಿನ ಮಗುವಿಗೆ ಆ ಕಲ್ಲಿನ ಒಂದು ಚಿತ್ರ, ಅದರ ನಾಲ್ಕು ಅಕ್ಷರಗಳ ಪಕ್ಕದಲ್ಲಿ ಕನ್ನಡ ಮತ್ತು ಮಲಯಾಳ ಅಕ್ಷರಗಳು ಇಷ್ಟು ಸಿಕ್ಕಿದರೆ ಆ ದಿನದ ಪ್ರವಾಸ ಸಾರ್ಥಕ. ತುಳು ಮತ್ತು ಮಲಯಾಳ ಲಿಪಿಗಳ ಹತ್ತಿರದ ನಂಟನ್ನು ಯಾರೂ ವಿವರಿಸಬೇಕಿಲ್ಲ. ಮಕ್ಕಳ ಕಣ್ಣಿಗೇ ಅದು ಬೀಳುತ್ತದೆ.

ಕುಂಬಳೆಯಲ್ಲಿ ಇನ್ನೊಂದು ಬಗೆಯ ಕೊರತೆ. ‘ಯಕ್ಷಗಾನದ ಪಿತಾಮಹ ಪಾರ್ತಿಸುಬ್ಬನ ಊರು’ ಎಂದು ಹಾಳೆಗಳು ಒಂದು ಸಾಲಿನಲ್ಲಿ ಹೇಳಿ ಕೈತೊಳೆದುಕೊಳ್ಳುತ್ತವೆ. ಆ ಸಾಲಿನ ಹಿಂದೆ ಕನ್ನಡ ಸಂಶೋಧನೆಯ ಅತ್ಯಂತ ಬಿಸಿಯಾದ ವಾದಗಳಲ್ಲೊಂದು ಇದೆ. ಮುಳಿಯ ತಿಮ್ಮಪ್ಪಯ್ಯನವರು ಪಾರ್ತಿಸುಬ್ಬನ ಕುರಿತು ಗ್ರಂಥವನ್ನೇ ಬರೆದರು. ರಾಮಾಯಣದ ಪ್ರಸಂಗಗಳ ಕರ್ತೃತ್ವದ ವಿಷಯದಲ್ಲಿ ಶಿವರಾಮ ಕಾರಂತರು ಭಿನ್ನಮತ ತಾಳಿದರು. ಕುಕ್ಕಿಲ ಕೃಷ್ಣ ಭಟ್ಟರು ಪ್ರಸಂಗಗಳನ್ನು ಸಂಪಾದಿಸುತ್ತ ಕುಂಬಳೆಯ ಪಕ್ಷವನ್ನು ಸಮರ್ಥಿಸಿದರು. ಜೊತೆಗೆ, ರಾಮಕಥೆಯನ್ನು ಬಿಡಿಬಿಡಿ ಪ್ರಸಂಗಗಳಾಗಿ ಹಂಚಿಕೊಂಡ ಸುಬ್ಬನ ಕ್ರಮಕ್ಕೂ ಎಂಟು ಆಟಗಳಾಗಿ ಹಂಚಿದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಇರುವ ಹೋಲಿಕೆಯ ಚರ್ಚೆಯಿದೆ. ತೌಲನಿಕ ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇದಕ್ಕಿಂತ ಉತ್ತಮವಾದ ಪಾಠ ಗೊತ್ತಿಲ್ಲ: ಕಥಕಳಿಯ ಪೂರ್ವರೂಪವೂ ತೆಂಕುತಿಟ್ಟಿನ ಪ್ರಸಂಗವೂ ಅಕ್ಕಪಕ್ಕದ ಅಂಗಳಗಳಲ್ಲಿ ಒಂದೇ ಕಥೆಯನ್ನು ಕುಣಿಸುತ್ತಿದ್ದವು. ವಿವಾದವನ್ನು ಮುಚ್ಚಿಟ್ಟು ಬಿರುದನ್ನು ಮಾತ್ರ ಹಂಚುವ ಕೈಪಿಡಿ, ಪ್ರವಾಸಿಗೆ ವಿವಾದವನ್ನು ತೂಗಿ ನೋಡುವ ಬುದ್ಧಿಯಿಲ್ಲವೆಂದು ಮೊದಲೇ ತೀರ್ಮಾನಿಸಿದಂತಿದೆ.

6

ಗಡಿಯಾಚೆಗೂ ಒಂದು ಮಾತು ಸಲ್ಲುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಪಾದಗಳ ಎರಡೂ ಬದಿಯಲ್ಲಿ, ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದ ಸಂಗತಿಯನ್ನು ಕನ್ನಡ, ತಮಿಳು, ಮರಾಠಿ ಈ ಮೂರು ಭಾಷೆಗಳಲ್ಲಿ ಕೆತ್ತಲಾಗಿದೆ. ಮರಾಠಿಯ ಅತಿ ಹಳೆಯ ಬರಹಗಳ ಚರ್ಚೆಯಲ್ಲಿ ಆ ಸಾಲಿನ ಹೆಸರು ಬಾರದೆ ಇರದು. ಸೊಲ್ಲಾಪುರದಿಂದಲೋ ಹೊಸೂರಿನಿಂದಲೋ ಬೆಟ್ಟ ಹತ್ತಿ ಬರುವ ಮಗುವಿಗೆ ತನ್ನ ಎರಡು ಭಾಷೆಗಳೂ ಅಲ್ಲಿ ಒಂದೇ ಬಂಡೆಯ ಮೇಲೆ ಸಿಗುತ್ತವೆ. ಆದರೆ ಬೆಟ್ಟ ಇಳಿಯುವ ತಂಡಗಳಲ್ಲಿ ಆ ಸಾಲುಗಳನ್ನು ಗಮನಿಸಿದವರು ಎಷ್ಟು ಮಂದಿ? ಮೂರ್ತಿಯ ಎತ್ತರ 57 ಅಡಿಯೋ 58 ಅಡಿಯೋ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಬೇಕಲದಲ್ಲಿ ಕನ್ನಡ ಫಲಕ ಬೇಕೆಂದು ನಾವು ಕೇಳುವುದು ನ್ಯಾಯವಾದದ್ದು. ಬೆಳಗೊಳದಲ್ಲಿ ತಮಿಳು ಮತ್ತು ಮರಾಠಿ ಬರಹಗಳನ್ನು ಓದಿಸಿ ತೋರಿಸುವ ಹಾಳೆಯನ್ನು ಕನ್ನಡಿಗರೇ ಸಿದ್ಧಪಡಿಸಿದರೆ ಆ ಕೇಳಿಕೆಗೆ ನೈತಿಕ ಬಲವೂ ಕೂಡಿಕೊಳ್ಳುತ್ತದೆ.

7

ಆಕ್ಷೇಪಗಳಿವೆ. ಪ್ರವಾಸಕ್ಕೆ ಬಂದವರು ಪಾಠ ಕೇಳಲು ಬಂದವರಲ್ಲ ಎನ್ನುತ್ತಾರೆ. ತಂಡಕ್ಕೆ ಒಂದು ತಾಣದಲ್ಲಿ ಸಿಗುವುದು ಮುಕ್ಕಾಲು ಗಂಟೆ; ಅದರಲ್ಲಿ ಚಿತ್ರ ತೆಗೆಯಬೇಕು, ಎಳನೀರು ಕುಡಿಯಬೇಕು, ಹಿರಿಯರನ್ನು ನೆರಳಿಗೆ ಕರೆದೊಯ್ಯಬೇಕು. ಮಾರ್ಗದರ್ಶಿಗಳಿಗೆ ಹೊಟ್ಟೆಪಾಡಿನ ಪ್ರಶ್ನೆಯಿದೆ. ವಿವಾದಗಳನ್ನು ಹೇಳುತ್ತ ಕುಳಿತರೆ ಮುಂದಿನ ತಂಡ ಕೈತಪ್ಪುತ್ತದೆ. ಈ ಮಾತುಗಳು ನಿಜ. ಹಾಗಾಗಿಯೇ ಹಾಳೆ ಚಿಕ್ಕದಾಗಿರಬೇಕು; ಅದು ತಾಣದಲ್ಲಿ ಓದುವುದಕ್ಕಿಂತ ಬಸ್ಸಿನಲ್ಲಿ ಓದಿಕೊಂಡು, ತಾಣದಲ್ಲಿ ಒಂದೋ ಎರಡೋ ಕಡೆ ನಿಂತು ನೋಡುವಂತಿರಬೇಕು. ನನ್ನ ಅನುಭವದಲ್ಲಿ ನಾಲ್ಕು ಕೆಲಸಗಳೂ ಹೆಚ್ಚೇ. ದೊಡ್ಡವರ ತಂಡಕ್ಕೆ ಎರಡು ಸಾಕು.

ಗಡಿನಾಡಿನ ಪ್ರತಿಯೊಂದು ಹಾಳೆಯಲ್ಲಿಯೂ ನಾಲ್ಕು ಅಂಶಗಳಿರಲಿ ಎಂಬುದು ನನ್ನ ಸೂಚನೆ: ಕಣ್ಣಿನಿಂದಲೇ ಪರಿಹರಿಸಬಹುದಾದ ಒಂದು ಪ್ರಶ್ನೆ, ಸ್ಥಳೀಯವಾದ ಒಂದು ಊರಹೆಸರು, ಅದರ ಎಲ್ಲ ಭಾಷಾರೂಪಗಳೊಂದಿಗೆ, ವಿದ್ವಾಂಸರಲ್ಲಿ ಇತ್ಯರ್ಥವಾಗದ ಒಂದು ವಾದ, ಎರಡೂ ಪಕ್ಷಗಳೊಂದಿಗೆ, ಅರಸರ ಹೆಸರಿಲ್ಲದ ಒಂದು ವಸ್ತು, ಅದು ಸುರಂಗವೋ ಕೊಳವೋ ಕಲ್ಲೋ ಆಗಿರಬಹುದು. ಇದನ್ನು ಕನ್ನಡದ ಒಬ್ಬ ಅಧ್ಯಾಪಕರೂ ಮಲಯಾಳದ ಒಬ್ಬ ಅಧ್ಯಾಪಕರೂ ಜೊತೆಯಾಗಿ ಕುಳಿತು ಬರೆಯಲಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅನುವಾದಿಸಿದರೆ ಸಾಲದು. ಅನುವಾದದಲ್ಲಿ ಮೌನಗಳೂ ಹಾಗೆಯೇ ದಾಟಿಬಿಡುತ್ತವೆ. ಸಿದ್ಧವಾದ ಹಾಳೆಯ ಪ್ರತಿಯನ್ನು ಮಾರ್ಗದರ್ಶಿಗಳಿಗೂ ಕೊಡೋಣ. ಅವರ ಬಾಯಿಪಾಠದಲ್ಲಿ ಹೊಸದುರ್ಗ ಮತ್ತು ಪುದಿಯ ಕೋಟ್ಟಗಳ ಒಂದು ವಾಕ್ಯ ಸೇರಿಕೊಂಡರೂ ಸಾವಿರಾರು ಜನರ ಕಿವಿಗೆ ಅದು ತಲುಪುತ್ತದೆ.

ಕೊನೆಯ ಪುಟವನ್ನು ಖಾಲಿ ಬಿಡುವುದು ಒಳ್ಳೆಯದು. ಮರುವರ್ಷದ ಪ್ರವಾಸದಲ್ಲಿ ಮಕ್ಕಳು ಆ ಪುಟದಲ್ಲಿ ಬರೆದುಕೊಟ್ಟ ಪ್ರಶ್ನೆಗಳು ಈಗಲೂ ನನ್ನ ಬಳಿ ಇವೆ. ಅವುಗಳಲ್ಲಿ ಅರ್ಧದಷ್ಟಕ್ಕೆ ನನಗೆ ಉತ್ತರ ತಿಳಿಯದು. ಮುಂದಿನ ಹಾಳೆಯನ್ನು ಅಲ್ಲಿಂದಲೇ ಆರಂಭಿಸಬೇಕೆಂದಿದ್ದೇನೆ.